ಹಸಿವಿಗೊಂದು ಗಡಿಯಾರ

ತಮಗೋಚಿ ಎಂಬ ಪುಟ್ಟ ಜಪಾನಿ ಆಟಿಕೆಯ ತೆರೆಯಲ್ಲಿ ಸಾಕುವ ಮರಿಯ ಇಡೀ ನೆನಪಿಗೆ ಇದ್ದ ಜಾಗ 320 ಬೈಟ್. ಎಪ್ಸನ್ ತಯಾರಿಸಿದ ನಾಲ್ಕು ಬಿಟ್ಟಿನ ಒಂದು ಚಿಪ್ಪು, ಅದರಲ್ಲಿ ನಾಲ್ಕು ಬಿಟ್ಟಿನ 640 ಕೋಶ. ವಯಸ್ಸು, ತೂಕ, ಹಸಿವು, ಖುಷಿ, ಶಿಸ್ತು, ಕಾಯಿಲೆ, ಈಗ ಗಂಟೆ ಎಷ್ಟು, ಎಲ್ಲವೂ ಅಷ್ಟರೊಳಗೇ ಕೂರಬೇಕು. ಇಂದು ಫೋನಿನಲ್ಲಿ ಕನ್ನಡ ಬರೆದರೆ ಒಂದೊಂದು ಚಿಹ್ನೆಗೆ ಮೂರು ಬೈಟ್ ಬೇಕಾಗುತ್ತದೆ. ಆ ಲೆಕ್ಕದಲ್ಲಿ 320 ಬೈಟಿಗೆ ಹಿಡಿಸುವುದು ಒಂದೆರಡು ಸಣ್ಣ ವಾಕ್ಯ. ಆದರೂ ಆ ಮರಿ ಸತ್ತಾಗ ಮಕ್ಕಳು ಅತ್ತರು, ದೊಡ್ಡವರು ಕೆಲಸದ ನಡುವೆ ಅದನ್ನು ಜೇಬಿನಿಂದ ತೆಗೆದು ನೋಡಿಕೊಂಡರು.

ಚಿತ್ರದ ಚೆಲುವಿನಿಂದ ಹೀಗಾಗಿರಲು ಸಾಧ್ಯವಿಲ್ಲ. ತೆರೆಯಲ್ಲಿದ್ದದ್ದೇ 32 ಅಡ್ಡ, 16 ಉದ್ದದ ಕಪ್ಪು ಚುಕ್ಕೆಗಳು. ಆ ಮರಿಗೆ ಜೀವ ಬಂದದ್ದು ಗಡಿಯಾರದಿಂದ. ತೊಂಬತ್ತರ ದಶಕದ ಡಿಜಿಟಲ್ ಸಾಕುಪ್ರಾಣಿಗಳ ಬಗ್ಗೆ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಅವುಗಳ ಹಸಿವು ಯಾರ ಗಡಿಯಾರದ ಪ್ರಕಾರ ಏರುತ್ತಿತ್ತು? ಕೈಯಲ್ಲಿದ್ದ ಆಟಿಕೆಯದೋ, ಮನೆಯ ಕಂಪ್ಯೂಟರಿನದೋ, ಫೋನ್ ಲೈನಿನ ಆಚೆ ತುದಿಯ ಸರ್ವರಿನದೋ? ಯಾವ ಮರಿ ಇಂದಿಗೂ ಉಳಿದಿದೆ, ಯಾವುದು ಇನ್ನೊಬ್ಬರ ಕೃಪೆಯಲ್ಲಿದೆ ಎಂಬುದಕ್ಕೂ ಉತ್ತರ ಅಲ್ಲಿಯೇ ಸಿಗುತ್ತದೆ.

ತಮಗೋಚಿಯನ್ನು ಬಂದಾಯಿ ಕಂಪನಿ ಜಪಾನಿನಲ್ಲಿ ಮಾರಾಟಕ್ಕೆ ತಂದದ್ದು 1996ರ ನವೆಂಬರ್ 23ರಂದು. ಅದರ ಹಿಂದೆ ಇದ್ದವರು ಅಕಿಹಿರೊ ಯೊಕೊಯ್ ಮತ್ತು ಅಕಿ ಮೈತಾ. ಮರುವರ್ಷ ಅದು ಅಮೆರಿಕಕ್ಕೂ ಬಂತು. ಒಳಗೆ 32,768 ಹರ್ಟ್ಸಿನ ಒಂದು ಸ್ಫಟಿಕ, ಅಂದರೆ ಕೈಗಡಿಯಾರಗಳಲ್ಲಿ ಇರುವಂಥದ್ದೇ. ಈ ಸಂಖ್ಯೆ ಸುಮ್ಮನೆ ಆರಿಸಿದ್ದಲ್ಲ: ಎರಡನ್ನು ಹದಿನೈದು ಬಾರಿ ಗುಣಿಸಿದರೆ 32,768 ಬರುತ್ತದೆ. ಆ ಮಿಡಿತವನ್ನು ಹದಿನೈದು ಸಲ ಅರ್ಧ ಮಾಡುತ್ತಾ ಹೋದರೆ ಸರಿಯಾಗಿ ಸೆಕೆಂಡಿಗೆ ಒಂದು ಏಟು ಉಳಿಯುತ್ತದೆ. ಬೇರೆ ಯಾವ ಲೆಕ್ಕಾಚಾರವೂ ಬೇಡ, ಅರ್ಧ ಮಾಡುವ ಸರ್ಕ್ಯೂಟುಗಳ ಒಂದು ಸಾಲು ಸಾಕು. ಅದಕ್ಕೆ ಬೇಕಾಗುವ ವಿದ್ಯುತ್ತೂ ಬಹಳ ಕಡಿಮೆ, ಹಾಗಾಗಿ ಬಟನ್ ಸೆಲ್ ವಾರಗಟ್ಟಲೆ ಬಾಳುತ್ತದೆ. ಆಫ್ ಮಾಡುವ ಬಟನ್ ಅದರಲ್ಲಿ ಇರಲೇ ಇಲ್ಲ.

ಗಡಿಯಾರ ಹೊಂದಿಸಿದ ಮೇಲೆ ಸುಮಾರು ಐದು ನಿಮಿಷಕ್ಕೆ ಮೊಟ್ಟೆ ಒಡೆಯುತ್ತದೆ. ಮೊದಲ ಒಂದು ಗಂಟೆ ಎಲ್ಲಕ್ಕಿಂತ ಕಷ್ಟದ್ದು. ಕೂಸು ಮತ್ತೆ ಮತ್ತೆ ಹಸಿಯುತ್ತದೆ, ಹೇಸಿಗೆ ಮಾಡುತ್ತದೆ, ನಡುವೆ ಸ್ವಲ್ಪ ಹೊತ್ತು ಕಣ್ಣು ಮುಚ್ಚುತ್ತದೆ. ಆ ಗಂಟೆ ದಾಟಿದರೆ ಅದು ಮರುತ್ಚಿ ಎಂಬ ಮರಿಯಾಗುತ್ತದೆ, ಮುಂದೆ ನಮ್ಮ ಒಂದು ದಿನ ಅದಕ್ಕೆ ಒಂದು ವರ್ಷ. ಹಸಿವಿಗೆ ನಾಲ್ಕು ಹೃದಯ, ಖುಷಿಗೆ ನಾಲ್ಕು ಹೃದಯ. ಊಟ ಹಾಕಿದರೆ ಹಸಿವಿನ ಒಂದು ಹೃದಯ ತುಂಬಿ ತೂಕ ಒಂದು ಏರುತ್ತದೆ. ತಿಂಡಿ ಕೊಟ್ಟರೆ ಖುಷಿಯ ಒಂದು ಹೃದಯ ತುಂಬುತ್ತದೆ, ತೂಕ ಮಾತ್ರ ಎರಡು ಏರುತ್ತದೆ. ಮುಖ ಎಡಕ್ಕೆ ತಿರುಗುತ್ತದೋ ಬಲಕ್ಕೋ ಎಂದು ಊಹಿಸುವ ಆಟದಲ್ಲಿ ಐದಕ್ಕೆ ಮೂರು ಗೆದ್ದರೆ ಖುಷಿ ಏರುತ್ತದೆ, ತೂಕ ಒಂದು ಇಳಿಯುತ್ತದೆ. ಸೋಮಾರಿಗಳು ತಿಂಡಿ ಕೊಡುತ್ತಿದ್ದರು, ಶ್ರದ್ಧೆಯವರು ಆಡಿಸುತ್ತಿದ್ದರು. ಮರಿಯ ತೂಕ ನೋಡಿದರೆ ಸಾಕಿದವರ ಗುಣ ಗೊತ್ತಾಗುತ್ತಿತ್ತು.

ಇಡೀ ಆಟದ ಬೆನ್ನೆಲುಬು ಒಂದು ಹದಿನೈದು ನಿಮಿಷದ ನಿಯಮ. ಯಾವುದಾದರೂ ಸಾಲಿನ ಹೃದಯಗಳು ಪೂರ್ತಿ ಖಾಲಿಯಾದಾಗ ಬೀಪ್ ಕೇಳಿಸಿ, ಕರೆಯುವ ಚಿಹ್ನೆ ಹೊತ್ತಿಕೊಳ್ಳುತ್ತದೆ. ಹದಿನೈದು ನಿಮಿಷದೊಳಗೆ ಸ್ಪಂದಿಸದಿದ್ದರೆ ಚಿಹ್ನೆ ಆರಿಹೋಗುತ್ತದೆ, ಒಳಗೆ ಒಂದು ತಪ್ಪು ದಾಖಲಾಗುತ್ತದೆ. ಆ ತಪ್ಪುಗಳ ಲೆಕ್ಕ ತೆರೆಯ ಮೇಲೆ ಎಲ್ಲಿಯೂ ಕಾಣುವುದಿಲ್ಲ. ರಾತ್ರಿ ಮರಿ ತಾನಾಗಿ ಮಲಗುತ್ತದೆ, ದೀಪ ಆರಿಸುವುದು ಸಾಕುವವರ ಕೆಲಸ. ಆರಿಸದಿದ್ದರೆ ಅದೂ ತಪ್ಪು. ಎರಡೂ ಸಾಲಿನ ಹೃದಯ ತುಂಬಿರುವಾಗಲೂ ಅದು ಕೆಲವೊಮ್ಮೆ ಸುಮ್ಮನೆ ಕರೆಯುತ್ತದೆ. ಆಗ ಗದರಬೇಕು, ಶಿಸ್ತಿನ ಪಟ್ಟಿ ಕಾಲು ಭಾಗ ಏರುತ್ತದೆ. ದೊಡ್ಡದಾದಾಗ ಅದು ಒಳ್ಳೆಯ ಆರೈಕೆಯ ಗುರುತಾದ ಮಾಮೆತ್ಚಿ ಆಗುತ್ತದೋ, ಕಡೆಗಣನೆಯ ಗುರುತಾದ ತಾರಾಕೋತ್ಚಿ ಆಗುತ್ತದೋ ಎಂಬುದನ್ನು ತೀರ್ಮಾನಿಸುವುದು ಈ ಗುಟ್ಟಿನ ಲೆಕ್ಕವೇ. ಹೇಸಿಗೆ ತೆಗೆಯದೆ ಹಾಗೇ ಬಿಟ್ಟರೆ ಕಾಯಿಲೆ. ತಲೆಬುರುಡೆಯ ಚಿಹ್ನೆ ಬಂದರೆ ಔಷಧಿ ಕೊಡಬೇಕು, ಒಂದು ಸಲಕ್ಕೆ ಹೋಗದಿದ್ದರೆ ಎರಡನೆಯ ಸಲ.

ಇದು ಕಠಿಣ ವಿನ್ಯಾಸ. ಮಗು ಶಾಲೆಯಲ್ಲಿರುವಾಗ ಮರಿಗೆ ಹಸಿವಾಗುತ್ತದೆ ಎಂಬುದನ್ನು ಯಾರೂ ಯೋಚಿಸಿರಲಿಲ್ಲ, ಇಲ್ಲವೇ ಯೋಚಿಸಿಯೂ ಬಿಟ್ಟರು. ಗಡಿಯಾರ ಹೊಂದಿಸುವ ಪರದೆಗೆ ಹೋಗಿ ಅಲ್ಲಿಯೇ ಬಿಟ್ಟರೆ ಕಾಲ ನಿಲ್ಲುತ್ತದೆ ಎಂಬ ಉಪಾಯವನ್ನು ಮಕ್ಕಳು ಬೇಗನೆ ಕಂಡುಕೊಂಡರು. ಹಾಗೆ ನಿಲ್ಲಿಸಿದ್ದ ಮರಿಯ ವಯಸ್ಸೂ ಏರುವುದಿಲ್ಲ. ನನ್ನ ಮಟ್ಟಿಗೆ ತಮಗೋಚಿಯ ದೊಡ್ಡತನ ಇರುವುದು ಅದು ಯಾರಿಗಾಗಿಯೂ ಕಾಯದಿರುವುದರಲ್ಲಿಯೇ. ಸತ್ತ ಮೇಲೆ ಜಪಾನಿನ ಆವೃತ್ತಿಯಲ್ಲಿ ಗೋರಿಯ ಪಕ್ಕ ಒಂದು ಪುಟ್ಟ ಪ್ರೇತ ಕಾಣುತ್ತಿತ್ತು. ಇಂಗ್ಲಿಷ್ ಆವೃತ್ತಿಯಲ್ಲಿ ಅದನ್ನು ದೇವದೂತನನ್ನಾಗಿ ಮೃದುಗೊಳಿಸಿದರು. ಸಾವು ಮಾತ್ರ ಎರಡರಲ್ಲೂ ಅದೇ, ಅದೇ ಗಡಿಯಾರದ್ದು.

ಕಂಪ್ಯೂಟರಿನ ಸಾಕುಪ್ರಾಣಿಗಳು ಇದಕ್ಕಿಂತ ಮೊದಲೇ ಬಂದಿದ್ದವು. ಪಿಎಫ್ ಮ್ಯಾಜಿಕ್ ಎಂಬ ಕಂಪನಿ 1995ರಲ್ಲಿ ಡಾಗ್ಜ್, 1996ರಲ್ಲಿ ಕ್ಯಾಟ್ಜ್ ತಂದಿತು. ಮುಂದೆ ಎರಡೂ ಸೇರಿ ಪೆಟ್ಜ್ ಸರಣಿಯಾದವು. ನಾಯಿಮರಿ ಡೆಸ್ಕ್‌ಟಾಪಿನ ಮೇಲೆ, ತೆರೆದಿರುವ ಕಿಟಕಿಗಳ ನಡುವೆ ಓಡಾಡುತ್ತದೆ. ಮೌಸಿನ ಬಾಣ ಕೈಯಾಗುತ್ತದೆ, ಸವರಿದರೆ ಅದಕ್ಕೆ ಹಿತ. ತಪ್ಪು ಮಾಡಿದರೆ ನೀರು ಚಿಮ್ಮುವ ಬಾಟಲಿ. ಇಲ್ಲಿ ಸಾವಿಲ್ಲ, ಕಡೆಗಣಿಸಿದರೆ ಓಡಿಹೋಗುತ್ತದೆ. 1996ರಲ್ಲೇ ಬಂದ ಕ್ರೀಚರ್ಸ್ ಎಂಬ ಆಟ ಇನ್ನೂ ಆಳಕ್ಕೆ ಇಳಿಯಿತು. ಸ್ಟೀವ್ ಗ್ರ್ಯಾಂಡ್ ರೂಪಿಸಿದ ಆ ಜಗತ್ತಿನ ನಾರ್ನ್ ಎಂಬ ಜೀವಿಗಳಿಗೆ ಸುಮಾರು 1,000 ನರಕೋಶ, ಅವುಗಳ ನಡುವೆ ಸುಮಾರು 5,000 ಕೊಂಡಿ, ಜೊತೆಗೆ ಹಸಿವು, ಭಯ, ನೋವುಗಳನ್ನು ನಡೆಸುವ ರಸಾಯನಗಳು, ಅವನ್ನೆಲ್ಲ ಮುಂದಿನ ಪೀಳಿಗೆಗೆ ಒಯ್ಯುವ ಜೀನುಗಳು. ಮಾತು ಟೈಪ್ ಮಾಡಿ ಕಲಿಸಬೇಕು. ಒಳ್ಳೆಯದು ಮಾಡಿದರೆ ಸವರಬೇಕು, ಕೆಟ್ಟದ್ದು ಮಾಡಿದರೆ ಒಂದು ಏಟು. ನಾರ್ನ್ ಕಲಿಯುವುದು ನಿಜವಾದ ಕಲಿಕೆ. ಯಾವುದೋ ಪಟ್ಟಿಯಿಂದ ಆರಿಸಿದ ನಟನೆಯಲ್ಲ. ತಪ್ಪು ಹೊತ್ತಿಗೆ ಸವರಿದರೆ ತಪ್ಪು ಪಾಠವನ್ನೇ ಗಟ್ಟಿಯಾಗಿ ಕಲಿತುಬಿಡುತ್ತಿತ್ತು.

ಕ್ರೀಚರ್ಸ್ ಮುಚ್ಚಿದರೆ ಆ ಜಗತ್ತು ಅಲ್ಲಿಗೇ ನಿಲ್ಲುತ್ತದೆ. ವಾರ ಬಿಟ್ಟು ತೆರೆದರೂ ನಾರ್ನ್ ಎತ್ತಿದ ಕಾಲನ್ನು ಅಲ್ಲಿಂದಲೇ ಮುಂದಿಡುತ್ತದೆ. ತಮಗೋಚಿಯ ನಿರ್ದಾಕ್ಷಿಣ್ಯ ಇಲ್ಲಿಲ್ಲ. ಇನ್ನೊಂದು ದೊಡ್ಡ ವ್ಯತ್ಯಾಸವೂ ಇತ್ತು: ಪ್ರಾಣಿ ಒಂದು ಫೈಲ್ ಆಗಿತ್ತು. ನಕಲು ಮಾಡಬಹುದು, ಫ್ಲಾಪಿಯಲ್ಲಿ ಇಡಬಹುದು, ಮೇಲ್‌ನಲ್ಲಿ ಕಳಿಸಬಹುದು. ಮನೆಗೆ ಇಂಟರ್ನೆಟ್ ಬಂದದ್ದೂ ಇದೇ ವರ್ಷಗಳಲ್ಲಿ. ಆಗ ಆ ಸಪೂರ ಫೋನ್ ಲೈನಿನಲ್ಲಿ ಸಲೀಸಾಗಿ ಹೋಗಿ ಬರಬಲ್ಲ ಗಾತ್ರದಲ್ಲಿದ್ದ ಕೆಲವೇ ವಸ್ತುಗಳಲ್ಲಿ ಈ ಪ್ರಾಣಿಗಳೂ ಸೇರಿದ್ದವು.

ಆ ಲೈನ್ ಎಷ್ಟು ಸಪೂರ ಎಂಬುದನ್ನು ಅಂಕಿಗಳಲ್ಲಿ ನೋಡಬೇಕು. ಕಂಪ್ಯೂಟರಿನ ಡೇಟಾವನ್ನು ಫೋನ್ ಲೈನಿನಲ್ಲಿ ಸದ್ದಾಗಿ ಕಳಿಸುವ ಉಪಕರಣವೇ ಮೋಡೆಮ್. 28.8 ಕಿಲೋಬಿಟ್ಟಿನ ಮೋಡೆಮ್ ಅಂದರೆ ಸೆಕೆಂಡಿಗೆ ಹೆಚ್ಚೆಂದರೆ 3.6 ಕಿಲೋಬೈಟ್, ಕೈಗೆ ದಕ್ಕುತ್ತಿದ್ದದ್ದು ಮೂರರ ಆಸುಪಾಸು. ನೂರು ಕಿಲೋಬೈಟಿನ ಫೈಲಿಗೆ ಅರ್ಧ ನಿಮಿಷ, ಒಂದು ಮೆಗಾಬೈಟಿಗೆ ಐದಾರು ನಿಮಿಷ, ತುಂಬಿದ ಸಿಡಿಯೊಂದಕ್ಕೆ ಎರಡು ದಿನಕ್ಕೂ ಹೆಚ್ಚು. ಹಾಗಾಗಿ ಆಟ ಡಿಸ್ಕಿನಲ್ಲಿ ಬರುತ್ತಿತ್ತು, ಮರಿಗಳು ಮತ್ತು ಆಟಿಕೆಗಳು ಲೈನಿನಲ್ಲಿ ಬರುತ್ತಿದ್ದವು. 1998ರ ವಿ.90 ಮಾನಕದಿಂದ 56 ಕಿಲೋಬಿಟ್ ಎಂದು ಪೆಟ್ಟಿಗೆಯ ಮೇಲೆ ಬರೆಯತೊಡಗಿದರು, ಆದರೆ ಅದು ಇಳಿಸಿಕೊಳ್ಳುವ ದಿಕ್ಕಿಗೆ ಮಾತ್ರ, ಕಳಿಸುವಾಗ 33.6ಕ್ಕೇ ನಿಲ್ಲುತ್ತಿತ್ತು. ಇಂಟರ್ನೆಟ್ ಕೊಡುವ ಕಂಪನಿಯ ತುದಿಯಲ್ಲಿ ಲೈನ್ ಡಿಜಿಟಲ್ ಆಗಿದ್ದು, ದಾರಿಯಲ್ಲಿ ಒಂದೇ ಒಂದು ಬಾರಿ ಅನಲಾಗ್‌ಗೆ ಬದಲಾಗುತ್ತಿದ್ದರೆ ಮಾತ್ರ ಆ ವೇಗ ಸಿಗುತ್ತಿತ್ತು.

ಮೋಡೆಮಿನ ಕಿರುಚಾಟವನ್ನು ಎಲ್ಲರೂ ನೆನೆಯುತ್ತಾರೆ, ಅದರಲ್ಲಿ ಏನು ನಡೆಯುತ್ತಿತ್ತು ಎಂಬುದನ್ನು ಹೇಳುವವರು ಕಡಿಮೆ. ಡಯಲ್ ಟೋನ್, ನಂಬರು ಒತ್ತುವ ಸದ್ದು ಮುಗಿದ ಮೇಲೆ ಕೇಳುವ ಉದ್ದದ ಸ್ವರ 2,100 ಹರ್ಟ್ಸಿನದು. ಎತ್ತಿಕೊಂಡದ್ದು ಮನುಷ್ಯರಲ್ಲ, ಯಂತ್ರ ಎಂದು ಅದು ಸಾರುತ್ತದೆ. ದೂರದ ಕರೆಗಳಲ್ಲಿ ಪ್ರತಿಧ್ವನಿ ಅಡಗಿಸಲು ಫೋನ್ ಜಾಲ ಅಳವಡಿಸಿಕೊಂಡಿರುವ ಉಪಕರಣ ಮೋಡೆಮಿಗೆ ಅಡ್ಡಿ. ಆ ಸ್ವರ ನಡುನಡುವೆ ಸಣ್ಣಗೆ ತಡವರಿಸಿದಂತೆ ಕೇಳುವುದು ಆ ಉಪಕರಣವನ್ನು ಬಂದ್ ಮಾಡಿಸುವ ಸಂಕೇತದಿಂದ. ಬಳಿಕ ಎರಡೂ ಮೋಡೆಮ್‌ಗಳು ತಮಗೆ ಯಾವ ಯಾವ ಮಾನಕ ಗೊತ್ತು ಎಂದು ಸೆಕೆಂಡಿಗೆ 300 ಬಿಟ್ಟಿನ ನಿಧಾನದಲ್ಲಿ ಹೇಳಿಕೊಳ್ಳುತ್ತವೆ. ಆಮೇಲಿನದು ಲೈನಿನ ಪರೀಕ್ಷೆ: 150ರಿಂದ 3,750 ಹರ್ಟ್ಸ್‌ವರೆಗಿನ ಸ್ವರಗಳನ್ನು ಒಟ್ಟಿಗೆ ಊದಿ, ಯಾವುದು ಎಷ್ಟು ಸವೆದು ತಲುಪಿತು ಎಂದು ಅಳೆಯುತ್ತವೆ. ಕೊನೆಯ ಕರಕರ ಸದ್ದು ತಮ್ಮದೇ ಪ್ರತಿಧ್ವನಿಯನ್ನು ಕಳೆಯಲು ಮಾಡುವ ಅಭ್ಯಾಸ. ಹೊಂದಾಣಿಕೆ ಆದ ಕೂಡಲೇ ಸ್ಪೀಕರ್ ಸುಮ್ಮನಾಗುತ್ತದೆ. ರಾತ್ರಿ ಮನೆಯವರು ಏಳದಂತೆ ಸೇರಬೇಕಾದವರು ಮೋಡೆಮಿಗೆ ಕೊಡುವ ಆರಂಭದ ಆದೇಶಕ್ಕೆ ಎಂ0 ಸೇರಿಸುತ್ತಿದ್ದರು. ಸದ್ದೇ ಇಲ್ಲದೆ ಸಂಪರ್ಕ ಆಗುತ್ತಿತ್ತು. ಆದರೆ ಆ ಸದ್ದು ಕೇಳಿಸಿಕೊಂಡರೆ ಲಾಭವಿತ್ತು. ಎಂಗೇಜ್ ಟೋನ್ ಬಂತೇ, ಲೈನ್ ಗದ್ದಲದಿಂದ ಪರೀಕ್ಷೆ ಎರಡೆರಡು ಸಲ ನಡೆಯುತ್ತಿದೆಯೇ ಎಂಬುದೆಲ್ಲ ಕಿವಿಗೇ ಗೊತ್ತಾಗುತ್ತಿತ್ತು.

ಸಂಪರ್ಕ ಕಡಿಯಲು ಕಾರಣಗಳು ಹಲವು. ಇನ್ನೊಂದು ಕೋಣೆಯಲ್ಲಿ ಯಾರೋ ರಿಸೀವರ್ ಎತ್ತಿದರು, ಆಯಿತು. ಕರೆ ಕಾಯುತ್ತಿದೆ ಎಂದು ಜಾಲ ಕೊಡುವ ಸಣ್ಣ ಬೀಪ್ ಕೂಡ ಸಾಕು, ಯಾಕೆಂದರೆ ಆ ಕ್ಷಣ ಆಚೆಯ ಮೋಡೆಮಿನ ಸ್ವರ ಕೇಳಿಸುವುದಿಲ್ಲ. ಸ್ವರ ಎಷ್ಟು ಹೊತ್ತು ಕಳೆದುಹೋದರೆ ಫೋನ್ ಇಡಬೇಕು ಎಂಬುದು ಎಸ್10 ಎಂಬ ರಿಜಿಸ್ಟರಿನಲ್ಲಿ, ಅಂದರೆ ಮೋಡೆಮಿನೊಳಗೆ ನಾವು ಬದಲಿಸಬಹುದಾದ ಒಂದು ಸಂಖ್ಯೆಯಲ್ಲಿ, ಸೆಕೆಂಡಿನ ಹತ್ತನೇ ಒಂದು ಭಾಗಗಳ ಲೆಕ್ಕದಲ್ಲಿ ಇರುತ್ತದೆ. ಸಾಮಾನ್ಯವಾಗಿ ಅದು 14, ಅಂದರೆ 1.4 ಸೆಕೆಂಡ್. ಎಟಿಎಸ್10=50 ಎಂದು ಕೊಟ್ಟರೆ ಐದು ಸೆಕೆಂಡ್ ತಾಳಿಕೊಳ್ಳುತ್ತದೆ; ಬೀಪ್ ಹಾದುಹೋದರೂ ಸಂಪರ್ಕ ಉಳಿಯುವ ಸಂಭವ ಹೆಚ್ಚು. ಆಚೆ ತುದಿಯ ಮೋಡೆಮ್ ಅಷ್ಟೇ ತಾಳ್ಮೆ ತೋರಿದರೆ, ಎಂಬ ಷರತ್ತು ಇದಕ್ಕಿದೆ.

ಸಾಕುಪ್ರಾಣಿಗೂ ಮೋಡೆಮಿಗೂ ಒಂದು ನೇರ ಜಗಳ ಇತ್ತು, ಇದು ಹೆಚ್ಚು ಜನರಿಗೆ ತಿಳಿದಿಲ್ಲ. ಹಳೆಯ ಕಂಪ್ಯೂಟರುಗಳಲ್ಲಿ ಮೋಡೆಮ್ ಜೋಡಿಸುವ ಸೀರಿಯಲ್ ಪೋರ್ಟಿನಲ್ಲಿ ಬಂದ ಒಂದೇ ಒಂದು ಬೈಟನ್ನು ಹಿಡಿದಿಡಲು ಜಾಗವಿತ್ತು. ಪೋರ್ಟಿನ ವೇಗ ಸೆಕೆಂಡಿಗೆ 57,600 ಬಿಟ್ ಇದ್ದರೆ ಹೆಚ್ಚುಕಡಿಮೆ 174 ಮೈಕ್ರೋಸೆಕೆಂಡಿಗೆ ಒಂದು ಬೈಟ್ ಬರುತ್ತದೆ. ಮುಂದಿನದು ಬರುವುದರೊಳಗೆ ಪ್ರೊಸೆಸರ್ ಹಿಂದಿನದನ್ನು ಎತ್ತಿಕೊಳ್ಳಬೇಕು. ಅದೇ ಹೊತ್ತಿಗೆ ಪ್ರೊಸೆಸರ್ ತೆರೆಯ ಮೇಲೆ ನಾಯಿಯ ಬಾಲ ಬರೆಯುವುದರಲ್ಲಿ ಮುಳುಗಿದ್ದರೆ ಬೈಟ್ ಕಳೆದುಹೋಗುತ್ತದೆ, ಇಡೀ ಕಂತು ಮತ್ತೆ ಬರಬೇಕಾಗುತ್ತದೆ, ಡೌನ್‌ಲೋಡ್ ತೆವಳುತ್ತದೆ. 16550ಎ ಎಂಬ ಚಿಪ್ಪು ಹದಿನಾರು ಬೈಟ್ ಹಿಡಿದಿಡುವಂತೆ ಬಂದ ಮೇಲೆ ಈ ಕಾಟ ಬಹುಮಟ್ಟಿಗೆ ತಪ್ಪಿತು. ಆಮೇಲೆ ಅಗ್ಗದ ಸಾಫ್ಟ್‌ವೇರ್ ಮೋಡೆಮ್‌ಗಳು ಬಂದವು. ಅವುಗಳ ಲೆಕ್ಕಾಚಾರವನ್ನೆಲ್ಲ ಕಂಪ್ಯೂಟರಿನ ಪ್ರೊಸೆಸರೇ ಮಾಡಬೇಕಾದ್ದರಿಂದ ಹಳೆಯ ಜಗಳ ಹೊಸ ರೂಪದಲ್ಲಿ ಮರಳಿತು. ಫೈಲ್ ಇಳಿಯುವವರೆಗೆ ನಾಯಿಯನ್ನು ಮಲಗಿಸಿ ಆಟ ಮುಚ್ಚುವುದೇ ಜಾಣತನವಾಗಿತ್ತು.

ಹೀಗೆ ಲೈನಿನಲ್ಲಿ ಏನು ಓಡಾಡುತ್ತಿತ್ತು? ದತ್ತು ಕೊಡುವ ಮರಿಗಳು, ಹೊಸ ತಳಿಗಳು, ಆಟಿಕೆಗಳು, ನಾರ್ನ್‌ಗಳು. ಉಚಿತ ಜಾಗ ಕೊಡುತ್ತಿದ್ದ ಜಿಯೋಸಿಟೀಸ್, ಏಂಜಲ್‌ಫೈರ್‌ಗಳಲ್ಲಿ ಮನೆಮಂದಿ ಕಟ್ಟಿದ ಪುಟಗಳು ತುಂಬಿದ್ದವು. ಜಿಫ್ ಚಿತ್ರದ ಮರಿಯೊಂದನ್ನು ದತ್ತು ತೆಗೆದುಕೊಳ್ಳುವವರು ಅದನ್ನು ತಮ್ಮ ಜಾಗಕ್ಕೆ ನಕಲು ಮಾಡಿಕೊಳ್ಳಬೇಕೆಂಬ ಕಟ್ಟುನಿಟ್ಟಿನ ನಿಯಮ ಎಲ್ಲೆಡೆ ಕಾಣುತ್ತಿತ್ತು. ಕಾರಣ ಶಿಷ್ಟಾಚಾರ ಒಂದೇ ಅಲ್ಲ: ಉಚಿತ ಜಾಗಗಳಿಗೆ ಇಷ್ಟೇ ಡೇಟಾ ಹೊರಹೋಗಬಹುದು ಎಂಬ ಮಿತಿ ಇತ್ತು. ನೂರು ಜನ ಮೂಲ ಪುಟದಿಂದಲೇ ಚಿತ್ರ ಎಳೆದುಕೊಂಡರೆ ಕೊಟ್ಟವರ ಪುಟವೇ ಮುಚ್ಚಿಹೋಗುತ್ತಿತ್ತು.

ಪೆಟ್ಜ್ ಅಭಿಮಾನಿಗಳು ಇದಕ್ಕೂ ಮುಂದೆ ಹೋದರು. ಪೆಟ್ಜ್‌ನ ಪ್ರಾಣಿ ಚೆಂಡುಗಳಿಂದಾದದ್ದು: ತಲೆ, ಮೂತಿ, ಮೊಣಕಾಲು ಎಲ್ಲವೂ ಒಂದೊಂದು ಚೆಂಡು, ಅವುಗಳ ನಡುವೆ ಎಳೆದ ಗೆರೆಗಳು. ಮೂಲ ಚೆಂಡುಗಳು 67, ಅವುಗಳ ಸಂಖ್ಯೆ 0ಯಿಂದ 66. ತಳಿಯ ಫೈಲ್ ಅಂದರೆ ವಿಂಡೋಸ್‌ನ ಡಿಎಲ್‌ಎಲ್. ಅದರೊಳಗೆ ಎಲ್‌ಎನ್‌ಜೆಡ್ ಎಂಬ ಸಾದಾ ಪಠ್ಯದಲ್ಲಿ ಪ್ರತಿ ಚೆಂಡಿನ ಬಣ್ಣ, ಗಾತ್ರ, ಅಂಚು ಬರೆದಿರುತ್ತದೆ. ಅದನ್ನು ಹೊರತೆಗೆದು ತಿದ್ದಿ ಮರಳಿ ಇಟ್ಟರೆ ಹೊಸ ತಳಿ. ಈ ಕೆಲಸಕ್ಕೆ ಹೆಕ್ಸಿಂಗ್ ಎಂದೇ ಹೆಸರು ಬಿದ್ದಿತ್ತು, ಮಾಡುತ್ತಿದ್ದವರಲ್ಲಿ ಬಹಳಷ್ಟು ಜನ ಮಕ್ಕಳು.

ಇದರ ನಿಯಮಗಳು ಕೆಡಿಸಿಕೊಂಡೇ ಕಲಿಯುವಂಥವು. ತಳಿಯ ಹೆಸರನ್ನು ಹೆಕ್ಸ್ ಎಡಿಟರಿನಲ್ಲಿ, ಅಂದರೆ ಫೈಲಿನ ಬೈಟುಗಳನ್ನೇ ನೇರವಾಗಿ ತಿದ್ದುವ ಸಾಫ್ಟ್‌ವೇರಿನಲ್ಲಿ, ಬದಲಿಸುವಾಗ ಹೊಸ ಹೆಸರಿನಲ್ಲಿ ಹಳೆಯದರಷ್ಟೇ ಅಕ್ಷರ ಇರಬೇಕು. ಒಂದು ಅಕ್ಷರ ಹೆಚ್ಚಾದರೂ ಅದರ ಮುಂದಿರುವುದೆಲ್ಲ ಒಂದು ಸ್ಥಾನ ಸರಿಯುತ್ತದೆ. ಇಂಥ ಜಾಗದಲ್ಲಿ ಇಂಥದ್ದು ಇದೆ ಎಂದು ನಂಬಿದ ವಿಂಡೋಸ್ ಫೈಲನ್ನೇ ತಿರಸ್ಕರಿಸುತ್ತದೆ. ತಳಿಗೊಂದು ಗುರುತಿನ ಸಂಖ್ಯೆ ಇದೆ, ಅದು ಬೇರೆ ಯಾವ ತಳಿಗೂ ಇರಕೂಡದು. ಎರಡು ತಳಿಗೆ ಒಂದೇ ಸಂಖ್ಯೆ ಇದ್ದರೆ ನಿಮ್ಮ ನಾಯಿ ಬೇರೊಂದರ ಮೈ ತೊಟ್ಟು ಬರಬಹುದು, ಆಟವೇ ಕುಸಿಯಬಹುದು. ಎಲ್ಲಕ್ಕಿಂತ ಹೆಚ್ಚು ಜನ ಬಿದ್ದ ಗುಂಡಿ ಮೂಲ ಚೆಂಡುಗಳ ಮೇಲೆ ಹೊಸದಾಗಿ ಸೇರಿಸಿದ ಚೆಂಡುಗಳದು. ಅವುಗಳ ಸಂಖ್ಯೆಯನ್ನು ಎಲ್ಲಿಯೂ ಬರೆದಿರುವುದಿಲ್ಲ. ಪಟ್ಟಿಯಲ್ಲಿರುವ ಮೊದಲ ಸಾಲು 67, ಮುಂದಿನದು 68, ಹೀಗೆ ಎಣಿಕೆಯಿಂದಲೇ ಬರುತ್ತದೆ. ನಡುವಿನ ಒಂದು ಸಾಲನ್ನು ಅಳಿಸಿದರೆ ಕೆಳಗಿನವೆಲ್ಲ ಒಂದು ಸಂಖ್ಯೆ ಹಿಂದೆ ಬರುತ್ತವೆ, ಆದರೆ ಗೆರೆಗಳ ಪಟ್ಟಿ ಹಳೆಯ ಸಂಖ್ಯೆಗಳನ್ನೇ ಹಿಡಿದಿರುತ್ತದೆ. ಫಲವಾಗಿ ಮೀಸೆಯ ಗೆರೆ ಬಾಲಕ್ಕೆ ಹೋಗಿ ಅಂಟಿಕೊಳ್ಳುತ್ತದೆ. ಬೇಡದ ಚೆಂಡನ್ನು ಅಳಿಸದೆ, ಅದರ ಸಂಖ್ಯೆಯನ್ನು ಕೈಬಿಟ್ಟವುಗಳ ಪಟ್ಟಿಗೆ ಸೇರಿಸುವುದು ಸರಿಯಾದ ದಾರಿ. ಚೆಂಡು ಕಾಣುವುದಿಲ್ಲ, ಎಣಿಕೆ ಕೆಡುವುದಿಲ್ಲ. ಮರಿ ಹಾಕಿಸುವ ಸೌಲಭ್ಯ 1998ರ ಪೆಟ್ಜ್ 3ರಲ್ಲಿ ಬಂದ ಮೇಲೆ ಇಂಥ ಕೈಕೆಲಸದ ತಳಿಗಳು ಪೀಳಿಗೆಗಳಲ್ಲಿ ಬೆರೆತು ಹರಡಿದವು.

ಇದೇ ಕಾಲದಲ್ಲಿ ಜಪಾನಿನಲ್ಲಿ ಪೋಸ್ಟ್‌ಪೆಟ್ ಎಂಬ ಮೇಲ್ ಸಾಫ್ಟ್‌ವೇರ್ ಬಂತು, 1997ರಲ್ಲಿ, ಕಲಾವಿದ ಕಝುಹಿಕೊ ಹಚಿಯಾ ಅವರ ಕಲ್ಪನೆಯಿಂದ. ನೀವು ಬರೆದ ಪತ್ರವನ್ನು ಮೊಮೊ ಎಂಬ ಗುಲಾಬಿ ಕರಡಿ ಹೊತ್ತು ಗೆಳೆಯರ ಕಂಪ್ಯೂಟರಿಗೆ ಹೋಗುತ್ತದೆ. ಅದು ಮರಳುವವರೆಗೆ ಮನೆ ಖಾಲಿ, ಇನ್ನೊಂದು ಪತ್ರವನ್ನು ಅದರ ಕೈಯಲ್ಲಿ ಕಳಿಸುವಂತಿಲ್ಲ. ತುರ್ತಿದ್ದರೆ ಮಾಮೂಲಿ ಅಂಚೆಯವ ಇದ್ದ. ಹೋದಲ್ಲಿ ಗೆಳೆಯರು ಅದನ್ನು ಸವರಬಹುದು, ಹೊಡೆಯಲೂಬಹುದು. ಕೆಲವೊಮ್ಮೆ ಕರಡಿ ತಾನೇ ನಿಮಗೆ ಪತ್ರ ಬರೆಯುತ್ತಿತ್ತು. ಆಗಿನ ಮನೆ ಇಂಟರ್ನೆಟ್ಟಿನಲ್ಲಿ ಯಾರೂ ಸದಾ ಸಂಪರ್ಕದಲ್ಲಿ ಇರುತ್ತಿರಲಿಲ್ಲ. ಗೆಳೆಯರು ಲೈನಿಗೆ ಬಂದು ಮೇಲ್ ಇಳಿಸಿಕೊಂಡಾಗಲಷ್ಟೇ ಪತ್ರ ತಲುಪುವುದು. ಬೇರೆಲ್ಲ ಸಾಫ್ಟ್‌ವೇರ್ ಆ ಕಾಯುವಿಕೆಯನ್ನು ಮುಚ್ಚಿಡಲು ನೋಡಿದಾಗ ಪೋಸ್ಟ್‌ಪೆಟ್ ಅದಕ್ಕೊಂದು ಮುಖ ಕೊಟ್ಟಿತು. ಡಯಲ್ ಅಪ್ ಕಾಲದ ಅತ್ಯಂತ ಪ್ರಾಮಾಣಿಕ ವಿನ್ಯಾಸ ಇದೇ ಎಂದು ನಾನು ನಂಬುತ್ತೇನೆ.

ನಿಯೋಪೆಟ್ಸ್ ಎಂಬ ಜಾಲತಾಣ 1999ರ ನವೆಂಬರ್ 15ರಂದು ಶುರುವಾಯಿತು, ಬ್ರಿಟನ್ನಿನ ಆಡಂ ಪೊವೆಲ್ ಮತ್ತು ಡೋನಾ ವಿಲಿಯಮ್ಸ್ ಅವರಿಂದ. ಇಲ್ಲಿ ಗಡಿಯಾರ ಮನೆಯಿಂದ ಹೊರಗೆ ಹೋಯಿತು. ಮರಿ ಸರ್ವರಿನಲ್ಲಿದೆ, ಹಸಿವೂ ಅಲ್ಲೇ. ಎಷ್ಟು ದಿನ ಹೋಗದಿದ್ದರೂ ಹಸಿವು 'ಸಾಯುತ್ತಿದೆ' ಎಂಬ ಮಟ್ಟಕ್ಕೆ ಮುಟ್ಟಿ ಅಲ್ಲಿಗೆ ನಿಲ್ಲುತ್ತದೆ, ಸಾಯುವುದಿಲ್ಲ. ಹೋದಾಗ ದಿನಕ್ಕೊಂದು ತುಂಡು ಉಚಿತ ಆಮ್ಲೆಟ್ ಸಿಗುತ್ತದೆ. ವಿರಳ ಸಂಪರ್ಕದ ಮನೆಗಳಿಗೆ ಇದು ಒಪ್ಪುವ ವಿನ್ಯಾಸ: ದಿನಕ್ಕೊಮ್ಮೆ ಡಯಲ್ ಮಾಡಿ, ಉಣಿಸಿ, ಲೈನ್ ಬಿಡಿ. ಆದರೆ ಅಂಗಡಿಗಳಿಗೆ ಹೊಸ ಸರಕು ಬಂದಾಗ ಪುಟ ಮತ್ತೆ ಮತ್ತೆ ತೆರೆದು ಮೊದಲು ಕೊಂಡವರಿಗೇ ಒಳ್ಳೆಯ ವಸ್ತು. ಪುಟ ಕಾಣಲು ಹದಿನೈದು ಸೆಕೆಂಡ್ ತೆಗೆದುಕೊಳ್ಳುವ ಮೋಡೆಮಿನವರಿಗೆ ಆ ಪೇಟೆಯಲ್ಲಿ ಜಾಗವಿರಲಿಲ್ಲ. ತಮ್ಮ ಮರಿಯ ಪುಟವನ್ನು ಚಂದ ಮಾಡಲು ಹೋಗಿ ಎಚ್‌ಟಿಎಂಎಲ್ ಕಲಿತ ಪೀಳಿಗೆಯೊಂದು ಅಲ್ಲಿಂದ ಬಂತು. ಅದಕ್ಕೆ ನಿಯೋಪೆಟ್ಸ್‌ಗೆ ಋಣಿಯಾಗಿರಲೇಬೇಕು.

ವಯಾಕಾಮ್ 2005ರಲ್ಲಿ ಅದನ್ನು 16 ಕೋಟಿ ಡಾಲರಿಗೆ ಕೊಂಡಿತು, ಆಮೇಲೂ ಒಡೆಯರು ಬದಲಾದರು, 2023ರಲ್ಲಿ ಅದು ತನ್ನದೇ ಆಡಳಿತ ತಂಡದ ಕೈಗೆ ಬಂತು. ಮರಿಗಳು ಅಲ್ಲಿವೆ, ಆದರೆ ಯಾವ ಮರಿಯನ್ನೂ ಅದರ ಒಡೆಯರು ಮನೆಗೆ ತರಲಾರರು. ಬ್ರೌಸರಿನಲ್ಲಿ ಆಟ ಓಡಿಸುತ್ತಿದ್ದ ಫ್ಲ್ಯಾಶ್ ತಂತ್ರಾಂಶದ ಬೆಂಬಲ 2020ರ ಡಿಸೆಂಬರ್ 31ಕ್ಕೆ ನಿಂತಾಗ ಅಲ್ಲಿನ ಆಟಗಳು ಒಮ್ಮೆಗೇ ಕೈಕೊಟ್ಟವು. ರಫಲ್ ಎಂಬ ಎಮ್ಯುಲೇಟರ್, ಅಂದರೆ ಹಳೆಯದನ್ನು ಅನುಕರಿಸಿ ಓಡಿಸುವ ಸಾಫ್ಟ್‌ವೇರ್, ಕೆಲವಕ್ಕೆ ಮರುಜೀವ ಕೊಟ್ಟಿದೆ. ಜಿಯೋಸಿಟೀಸ್ 2009ರ ಅಕ್ಟೋಬರ್ 26ರಂದು ಮುಚ್ಚಿತು, ಹವ್ಯಾಸಿಗಳು ಉಳಿಸಿಕೊಂಡಷ್ಟೇ ಉಳಿಯಿತು. ಅದೇ ಹೊತ್ತಿಗೆ ಯಾರದೋ ಹಳೆಯ ಫ್ಲಾಪಿಯಲ್ಲಿರುವ ನಾರ್ನ್, ಹಳೆಯ ಹಾರ್ಡ್ ಡಿಸ್ಕಿನ ಪೆಟ್ಜ್ ನಾಯಿ ಇಂದಿಗೂ ಎದ್ದು ಬರಬಲ್ಲವು. ಹಾಗೆ ಎಬ್ಬಿಸುವುದಿದ್ದರೆ ಕೆಲವು ವಿಷಯ ಗೊತ್ತಿರಬೇಕು.

ಡಾಗ್ಜ್‌ನ ಮೊದಲ ಆವೃತ್ತಿ ವಿಂಡೋಸ್ 3.1ರ ಕಾಲದ 16 ಬಿಟ್ಟಿನ ಪ್ರೋಗ್ರಾಂ. 64 ಬಿಟ್ ವಿಂಡೋಸ್ ಅಂಥದ್ದನ್ನು ಓಡಿಸುವುದೇ ಇಲ್ಲ; ಹೊಂದಾಣಿಕೆ ಮೋಡ್ ಹಾಕಿದರೂ ಫಲವಿಲ್ಲ. ಕೆಲವು ಆಟ 32 ಬಿಟ್ಟಿನದಾದರೂ ಅದರ ಇನ್‌ಸ್ಟಾಲರ್ ಮಾತ್ರ 16 ಬಿಟ್ಟಿನದು. ಅಂಥವನ್ನು ಹಳೆಯ ವಿಂಡೋಸ್‌ನಲ್ಲಿ ಇನ್‌ಸ್ಟಾಲ್ ಮಾಡಿ ಫೋಲ್ಡರ್ ನಕಲು ಮಾಡಿ ತರಬಹುದು. ಬಣ್ಣ ಹುಚ್ಚುಹುಚ್ಚಾಗಿ ಕಂಡರೆ 256 ಬಣ್ಣದ ಆಯ್ಕೆ ಒತ್ತಿ ನೋಡಿ, ಆ ಆಟಗಳ ಚಿತ್ರವೆಲ್ಲ 256 ಬಣ್ಣದ ಪಟ್ಟಿಯ ಮೇಲೆ ನಿಂತಿದೆ. ನೆಮ್ಮದಿಯ ದಾರಿ 86ಬಾಕ್ಸ್‌ನಂಥ ಎಮ್ಯುಲೇಟರಿನಲ್ಲಿ ವಿಂಡೋಸ್ 98 ಹಾಕುವುದು. ಪೆಂಟಿಯಂ 166, 64 ಮೆಗಾಬೈಟ್ ಮೆಮೊರಿ ಧಾರಾಳ. ಹೆಚ್ಚಿದ್ದರೆ ಒಳ್ಳೆಯದು ಎಂದು 512 ಮೆಗಾಬೈಟಿಗಿಂತ ಮೇಲೆ ಕೊಟ್ಟರೆ ವಿಂಡೋಸ್ 98 ತನ್ನ ಡಿಸ್ಕ್ ಕ್ಯಾಷ್ ಸಂಭಾಳಿಸಲಾಗದೆ ಎಡವುತ್ತದೆ. ಹಳೆಯ ಮರಿಯ ಫೈಲನ್ನು ತೆರೆಯುವ ಮೊದಲು ಬೇರೆ ಜಾಗಕ್ಕೆ ನಕಲು ಮಾಡಿಡಿ, ಅದೂ ಆಟ ಮುಚ್ಚಿರುವಾಗ. ಆಟ ತೆರೆದಿರುವಾಗ ಮಾಡಿದ ನಕಲು ಅರ್ಧ ಬರೆದ ಸ್ಥಿತಿಯಲ್ಲಿರಬಹುದು. ಮರಿಯ ಜೊತೆ ಅದರ ತಳಿಯ ಫೈಲೂ ಬೇಕು. ಕೈಕೆಲಸದ ತಳಿಯಾಗಿದ್ದರೆ ಅದು ಮೂಲ ಸಿಡಿಯಲ್ಲಿ ಸಿಗುವುದಿಲ್ಲ.

ಹಳೆಯ ತಮಗೋಚಿ ಸಿಕ್ಕಿದರೆ ಮೊದಲು ಹಿಂಬದಿಯ ಸಣ್ಣ ಸ್ಕ್ರೂ ಬಿಚ್ಚಿ ಸೆಲ್ ನೋಡಿ. ಮೂಲದ್ದಕ್ಕೆ ಎಲ್‌ಆರ್44 ಎರಡು, ಈಚಿನ ಮರುಬಿಡುಗಡೆಗೆ ಸಿಆರ್2032 ಒಂದು. ಸಂಪರ್ಕದ ತಗಡಿನ ಮೇಲೆ ಬಿಳಿ ಅಥವಾ ಹಸಿರು ಹುಡಿ ಇದ್ದರೆ ಅದು ಆಲ್ಕಲೈನ್ ಸೆಲ್ ಸೋರಿದ ಕ್ಷಾರ; ಹತ್ತಿಯ ಕಡ್ಡಿಯಲ್ಲಿ ಒಂದು ಹನಿ ವಿನೆಗರ್ ತಾಗಿಸಿ ಒರೆಸಿ, ಬಳಿಕ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ ಪೂರ್ತಿ ಒಣಗಿಸಿ. ಎಲ್‌ಆರ್44ರ ಬದಲು ಅದೇ ಅಳತೆಯ ಎಸ್‌ಆರ್44 ಹಾಕುವುದು ಮೇಲು, ಬೆಳ್ಳಿ ಆಕ್ಸೈಡಿನ ಆ ಸೆಲ್ಲಿನ ವೋಲ್ಟೇಜ್ ಕೊನೆಯವರೆಗೂ ಸಮನಾಗಿರುವುದರಿಂದ ತೆರೆ ಮಂಕಾಗುವುದಿಲ್ಲ. ತೆರೆಯಲ್ಲಿ ಕೆಲವು ಸಾಲು ಮಾಯವಾಗಿದ್ದರೆ ದೋಷ ಸಾಮಾನ್ಯವಾಗಿ ಚಿಪ್ಪಿನದಲ್ಲ. ತೆರೆಗೂ ಬೋರ್ಡಿಗೂ ನಡುವೆ ಇರುವ ರಬ್ಬರಿನ ಪಟ್ಟಿ ಕೊಳೆಯಾಗಿರುತ್ತದೆ ಅಥವಾ ಸಡಿಲವಾಗಿರುತ್ತದೆ. ಆ ಪಟ್ಟಿಯನ್ನೂ ಅದು ತಾಗುವ ಎರಡೂ ಅಂಚನ್ನೂ ಆಲ್ಕೊಹಾಲಿನಲ್ಲಿ ಒರೆಸಿ, ಸ್ಕ್ರೂಗಳನ್ನು ಎದುರುಬದುರಾಗಿ ಒಂದೊಂದು ಸುತ್ತು ಬಿಗಿಯುತ್ತಾ ಬನ್ನಿ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಬಿಚ್ಚಿದ ಸೆಲ್ ಮೇಜಿನ ಮೇಲೆ ಬಿಡಲೇಬೇಡಿ: ನುಂಗಿದ ಸಿಆರ್2032 ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೆ ಸುಡಬಲ್ಲದು.

ಸೆಲ್ ತೆಗೆದ ಕ್ಷಣ ಆ 320 ಬೈಟ್ ಅಳಿಸಿಹೋಗುತ್ತದೆ, ಮೂಲ ತಮಗೋಚಿಗೆ ಬೇರೆ ಉಳಿತಾಯ ಇರಲಿಲ್ಲ. ಚಿಪ್ಪಿನ 9 ಕಿಲೋಬೈಟಿನ ಪ್ರೋಗ್ರಾಂ ಓದಿ ತೆಗೆದ ಮೇಲೆ ಈಗ ತಮಾಲಿಬ್‌ನಂಥ ಎಮ್ಯುಲೇಟರುಗಳಿವೆ. ಮರಿಯ ಸ್ಥಿತಿಯನ್ನು ಫೈಲಾಗಿ ಉಳಿಸಬಹುದು. ಅಲ್ಲಿ ಒಂದು ತೀರ್ಮಾನ ನಿಮ್ಮದೇ. ಎಮ್ಯುಲೇಟರ್ ಮುಚ್ಚಿದರೆ ಮರಿಯ ಕಾಲವೂ ನಿಲ್ಲುತ್ತದೆ, ಕ್ರೀಚರ್ಸ್‌ನಲ್ಲಿ ನಿಂತಂತೆ. ಮೂರು ದಿನ ಬಿಟ್ಟು ತೆರೆದರೆ ಮರಿ ಹಾಗೇ ಇರುತ್ತದೆ, ಅದರ ಗಡಿಯಾರ ಮಾತ್ರ ಮೂರು ದಿನದ ಹಿಂದಿನದು. ನಡುಹಗಲಲ್ಲಿ ಮಲಗಿಕೊಂಡು ಮಧ್ಯರಾತ್ರಿ ಊಟ ಕೇಳುತ್ತದೆ. ವೇಗ ಹೆಚ್ಚಿಸಿ ಆ ಮೂರು ದಿನ ತುಂಬಿಸಿದರೆ ಉಣಿಸಲು ಯಾರೂ ಇಲ್ಲದೆ ಸಾಯುತ್ತದೆ. ಹಾಗಾಗಿ ಸದಾ ಚಾಲೂ ಇರುವ ಒಂದು ಸಣ್ಣ ಕಂಪ್ಯೂಟರ್ ಬೋರ್ಡಿನಲ್ಲಿ ಅದನ್ನು ನಿಜವಾದ ವೇಗದಲ್ಲಿಯೇ ಓಡಲು ಬಿಡಿ, ಮೊಟ್ಟೆ ಒಡೆಯುವ ಮೊದಲು ಗಡಿಯಾರವನ್ನು ಸರಿಯಾಗಿ ಹೊಂದಿಸಿ, ರಾತ್ರಿ ದೀಪ ಆರಿಸಿದ ಮೇಲೆ ದಿನಕ್ಕೊಂದು ನಕಲು ತೆಗೆದಿಡಿ. ನಿದ್ದೆಯಲ್ಲಿ ಹಸಿವಿನ ಹೃದಯಗಳು ಇಳಿಯದ ಕಾರಣ ಆ ನಕಲಿನಿಂದ ಮತ್ತೆ ಶುರುಮಾಡಿದರೂ ಮರಿ ಬೆಳಿಗ್ಗೆ ಅದೇ ಸ್ಥಿತಿಯಲ್ಲಿ ಏಳುತ್ತದೆ.